ತಪ್ಪು ಕಡೆ ಬರೆದ ಹಲಗೆಗಳು

ನನ್ನ ಕೆಲಸ ಕಾಂಕ್ರೀಟು ಒಡೆಯುವುದು. ಏನು ಕೆಲಸ ಅಂತ ಕೇಳಿದವರಿಗೆಲ್ಲ ಹೀಗೇ ಹೇಳುತ್ತೇನೆ. ಅವರು ನಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ, ನನಗೂ ಅಷ್ಟೇ ಬೇಕು. ಐರ್ಲೆಂಡಿನ ಕಾರ್ಕ್ ಊರಾಚೆ ಒಂದು ಲ್ಯಾಬು. ಸುತ್ತಮುತ್ತ ಎಲ್ಲಿ ಕಟ್ಟಡ ಏಳುತ್ತಿದ್ದರೂ ಅಲ್ಲಿನ ಕಾಂಕ್ರೀಟು ಇಟ್ಟಿಗೆ ಗಾತ್ರದ ಚೌಕ ಅಚ್ಚುಗಳಲ್ಲಿ ನಮ್ಮಲ್ಲಿಗೆ ಬರುತ್ತದೆ. ಇಪ್ಪತ್ತೆಂಟು ದಿನ ಅವನ್ನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಮಲಗಿಸುತ್ತೇವೆ. ಆಮೇಲೆ ಒಂದೊಂದನ್ನೇ ಯಂತ್ರದ ಬಾಯಿಗಿಟ್ಟು, ಒಡೆಯುವ ತನಕ ಒತ್ತಿ, ಎಷ್ಟಕ್ಕೆ ಒಡೆಯಿತು ಅಂತ ಬರೆದುಕೊಳ್ಳುತ್ತೇವೆ.

ಗಂಡ ತೀರಿಕೊಂಡ ಮೂರನೇ ವಾರಕ್ಕೆ ನಾನು ವಾಪಸ್ ಕೆಲಸಕ್ಕೆ ಹೋದೆ. ಆ ದಿನ ಎಷ್ಟು ತುಂಡು ಒಡೆದೆನೋ ನೆನಪಿಲ್ಲ. ಒಂದರ ಸದ್ದೂ ಕಿವಿಗೆ ಬೀಳಲಿಲ್ಲ. ಮಧ್ಯಾಹ್ನ ಸಹೋದ್ಯೋಗಿಯೊಬ್ಬ ಬಂದು, ಯಂತ್ರದ ಸದ್ದು ತಡೆಯಲು ಕಿವಿಗೆ ಹಾಕುವ ಮಫ್ಲರನ್ನು ಬೆಳಗ್ಗೆಯಿಂದ ನಾನು ತೆಗೆದೇ ಇಲ್ಲ, ಊಟದ ಮನೆಯಲ್ಲೂ ಹಾಕಿಕೊಂಡೇ ಕೂತಿದ್ದೇನೆ ಅಂತ ತೋರಿಸಿದ.

ಇದೆಲ್ಲ ಶುರುವಾಗಿದ್ದು ಮಗಳ ಸ್ಕೂಲಿನಿಂದ. ಇಲ್ಲಿ ಹದಿನೈದು ಹದಿನಾರರ ಮಕ್ಕಳಿಗೆ ಒಂದು ವರ್ಷ ದೊಡ್ಡ ಪರೀಕ್ಷೆಯೇ ಇರುವುದಿಲ್ಲ. ಏನಾದರೂ ಪ್ರಾಜೆಕ್ಟು ಮಾಡಿಕೊಂಡಿರಿ ಅಂತ ಬಿಟ್ಟುಬಿಡುತ್ತಾರೆ. ಮೈಸೂರಿನಲ್ಲಿ ಹೀಗೆ ಮಾಡಿದ್ದರೆ ಅಪ್ಪ ಅಮ್ಮಂದಿರು ಸ್ಕೂಲಿನ ಗೇಟು ಮುರಿದು ಹಾಕುತ್ತಿದ್ದರು. ಅದಕ್ಕೆ ಮುಂಚಿನ ಬೇಸಿಗೆಯಲ್ಲಿ, ನಮ್ಮನೆಯವರು ಇದ್ದಾಗ, ನಾವು ಮೂವರೂ ಊರಾಚೆಯ ಒಂದು ಹಳೆಯ ಕಲ್ಲುಗೋಪುರ ನೋಡಲು ಹೋಗಿದ್ದೆವು. ಅದರೊಳಗಿನ ಚಾವಣಿ ಕಮಾನಿನದು. ತಲೆಯೆತ್ತಿ ನೋಡಿದರೆ ಗಾರೆಯ ತುಂಬ ಬುಟ್ಟಿ ಹೆಣಿಗೆಯ ಗುರುತು. ಕಟ್ಟುವಾಗ ಸೆಂಟ್ರಿಂಗಿನ ಮೇಲೆ, ಅಂದರೆ ಗಾರೆ ಗಟ್ಟಿಯಾಗುವ ತನಕ ಕೆಳಗಿನಿಂದ ಆತುಕೊಂಡಿರುವ ಮರದ ಮೇಲೆ, ಹಸಿ ಕಡ್ಡಿಯಲ್ಲಿ ಹೆಣೆದ ಚಾಪೆ ಹಾಸುತ್ತಿದ್ದರಂತೆ. ಆಮೇಲೆ ಮರ ತೆಗೆದರು, ಚಾಪೆ ಕೊಳೆತುಹೋಯಿತು, ಹೆಣಿಗೆಯ ಗುರುತು ಮಾತ್ರ ಐದಾರು ನೂರು ವರ್ಷದಿಂದ ಹಾಗೇ ಇದೆ.

ನಮ್ಮನೆಯವರು ಕೈ ಚಾಚಿ ಅದನ್ನು ಮುಟ್ಟಿದರು. ಮುಟ್ಟಬಾರದು ಅಂತ ಬೋರ್ಡು ಹಾಕಿತ್ತು.

"ನೋಡೇ, ಯಾರೋ ಕೂತ್ಕೊಂಡು ಬುಟ್ಟಿ ಹೆಣೆದಿದ್ದು ಹಂಗೇ ಇದೆ," ಅಂದರು.

"ಬೋರ್ಡೂ ಹಂಗೇ ಇದೆ, ಓದ್ರಿ," ಅಂದೆ ನಾನು. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

ಮಗಳಿಗೆ ಕಮಾನಿನ ಹುಚ್ಚು ಹಿಡಿಯಿತು. ಸ್ಕೂಲಿನಲ್ಲಿ ಮೇಷ್ಟರು, ಐರ್ಲೆಂಡಿಗೆ ರೋಮನ್ನರು ರಾಜ್ಯ ಕಟ್ಟಲು ಬರಲೇ ಇಲ್ಲ, ಆದರೆ ಈ ವಿದ್ಯೆಯ ಬೇರು ಅವರಲ್ಲೇ ಇದೆ ಅಂದರಂತೆ. ಅಪ್ಪ ಮಗಳು ರಾತ್ರಿ ಊಟದ ಹೊತ್ತಿಗೆ ಅದೇ ಮಾತು ಆಡತೊಡಗಿದರು. ರೋಮನ್ನರ ಗುಟ್ಟು ಜ್ವಾಲಾಮುಖಿಯ ಬೂದಿಯಂತೆ. ಅದನ್ನು ಸುಣ್ಣದ ಜೊತೆ ಕಲಸಿದರೆ ನೀರಿನೊಳಗೂ ಗಟ್ಟಿಯಾಗುತ್ತದಂತೆ. ಕಲ್ಲನ್ನು ಕೆತ್ತಿ ಕೂರಿಸುವ ತಾಪತ್ರಯವೇ ಇಲ್ಲ. ಮರದ ಸೆಂಟ್ರಿಂಗಿನ ಮೇಲೆ ಗಾರೆ, ಅದರ ಮೇಲೆ ಕಲ್ಲಿನ ಚೂರು, ಮತ್ತೆ ಗಾರೆ, ಹೀಗೆ ಪದರ ಪದರವಾಗಿ ಹೇರಿಕೊಂಡು ಹೋದರೆ ಇಡೀ ಚಾವಣಿ ಒಂದೇ ಬಂಡೆ. ಎರಡು ಕಮಾನು ಚಾವಣಿಗಳನ್ನು ಅಡ್ಡಡ್ಡ ಹಾಯಿಸಿದರೆ ಭಾರವೆಲ್ಲ ನಾಲ್ಕು ಮೂಲೆಗೆ ಇಳಿಯುತ್ತದೆ, ನಡುವಿನ ಗೋಡೆ ತೆಗೆದು ಕಿಟಕಿ ಇಡಬಹುದು. ರೋಮಿನ ದೊಡ್ಡ ಗುಮ್ಮಟದಲ್ಲಿ ಒಂದು ಕಬ್ಬಿಣದ ಸರಳೂ ಇಲ್ಲ. ಕೆಳಗೆ ಭಾರದ ಕಲ್ಲು, ಮೇಲೇರಿದಂತೆ ಹಗುರದ ಕಲ್ಲು, ನೆತ್ತಿಯಲ್ಲಿ ಬರೀ ತೂತು. ಹತ್ತೊಂಬತ್ತು ನೂರು ವರ್ಷದಿಂದ ನಿಂತಿದೆ.

"ಇದನ್ನ ಕಲಿಯೋಕೆ ರೋಮಿಗೆ ಹೋಗ್ಬೇಕಿತ್ತಾ?" ಅಂದೆ. "ನಮ್ಮಪ್ಪ ಮಾಡ್ತಿದ್ದದ್ದೂ ಅದೇ. ಸುರ್ಕಿ ಗಾರೆ."

ನಮ್ಮಪ್ಪ ಮೈಸೂರಿನಲ್ಲಿ ಗಾರೆ ಮೇಸ್ತ್ರಿ. ಸಿಮೆಂಟು ಬಂದ ಮೇಲೂ ಹಳೇ ಕಟ್ಟಡದ ರಿಪೇರಿ ಅಂದರೆ ಅವರನ್ನೇ ಕರೆಯುತ್ತಿದ್ದರು. ಸುಟ್ಟ ಇಟ್ಟಿಗೆಯ ಪುಡಿಗೆ ಸುರ್ಕಿ ಅನ್ನುತ್ತಾರೆ. ಸುಣ್ಣಕ್ಕೆ ಅದನ್ನು ಸೇರಿಸಿ, ಬೆಲ್ಲದ ನೀರು ಹಾಕಿ ಅರೆದರೆ, ಬೂದಿ ಮಾಡುವ ಕೆಲಸವನ್ನು ಇಟ್ಟಿಗೆಯೇ ಮಾಡುತ್ತದೆ. ಬೂದಿ ಸಿಗದ ಕಡೆ ರೋಮನ್ನರೂ ಹೀಗೇ ಇಟ್ಟಿಗೆ ಕುಟ್ಟಿ ಹಾಕುತ್ತಿದ್ದರಂತೆ. ಇದನ್ನು ಕೇಳಿದ ಮೇಲೆ ಅಪ್ಪ ಮಗಳು ಸುಮ್ಮನಿರುತ್ತಾರೆಯೇ? ಹಿತ್ತಲಲ್ಲಿ ಒಂದು ಕಮಾನು ಕಟ್ಟೇ ಕಟ್ಟುತ್ತೇವೆ ಅಂತ ಹೊರಟರು. ಮೂರಡಿ ಅಗಲ, ನಾಲ್ಕಡಿ ಉದ್ದ, ಕೆಳಗೆ ಒಬ್ಬರು ನುಸುಳಿ ಮಲಗುವಷ್ಟು ಎತ್ತರ. ಸೆಂಟ್ರಿಂಗು ಅಪ್ಪನದು, ಗಾರೆ ಅಮ್ಮನದು, ಬರೆಯುವುದು ಮಗಳದು ಅಂತ ಅವರೇ ತೀರ್ಮಾನ ಮಾಡಿಕೊಂಡರು.

ನಮ್ಮನೆಯವರು ಸಾಫ್ಟ್‌ವೇರಿನವರು. ವಾರಕ್ಕೆ ಎರಡು ದಿನ ಡಬ್ಲಿನ್ನಿಗೆ ಹೋಗಿ, ಗ್ರ್ಯಾಂಡ್ ಕೆನಾಲ್ ಡಾಕ್‌ನ ಆಫೀಸಿನಲ್ಲಿ ಕೂತು, ರಾತ್ರಿ ಅಲ್ಲೇ ಹತ್ತಿರದ ಡನ್ ಲಿಯರಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಮಲಗಿ ಬರುತ್ತಿದ್ದರು. ಕೈಯಲ್ಲಿ ಸುತ್ತಿಗೆ ಹಿಡಿದ ಮನುಷ್ಯನೇ ಅಲ್ಲ. ಆದರೂ ಸೆಪ್ಟೆಂಬರಿನ ನಾಲ್ಕು ಶನಿವಾರ ಶೆಡ್ಡಿನಲ್ಲಿ ನಿಂತು ಪ್ಲೈವುಡ್ಡನ್ನು ಅರ್ಧಚಂದ್ರಾಕಾರ ಕತ್ತರಿಸಿದರು, ಅದರ ಮೇಲೆ ಹಲಗೆ ಪಟ್ಟಿಗಳನ್ನು ಸಾಲಾಗಿ ಜೋಡಿಸಿದರು. ಬಡಗಿಗಳು ಕಿವಿಗೆ ಸಿಕ್ಕಿಸಿಕೊಳ್ಳುವ ದಪ್ಪ ಪೆನ್ಸಿಲು ತಂದಿದ್ದರು. ಅದನ್ನು ಕಿವಿಯಲ್ಲಿಟ್ಟುಕೊಂಡೇ ಅಂಗಡಿಗೂ ಹೋಗಿಬಂದರು. ಕೊನೆಯ ಶನಿವಾರ, "ಬಾರೇ, ಇನ್ಸ್‌ಪೆಕ್ಷನ್ ಮಾಡು," ಅಂತ ಕರೆದರು.

ನಾನು ಹೋಗಿ ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದೇ ತಪ್ಪು.

"ಏನ್ರೀ ಇದು, ಬೆಣೆ ಎಲ್ಲಿ?" ಅಂದೆ. ಸೆಂಟ್ರಿಂಗಿನ ಕಾಲುಗಳ ಕೆಳಗೆ ಜೋಡಿ ಬೆಣೆ ಇಡಬೇಕು. ಗಾರೆ ಗಟ್ಟಿಯಾದ ಮೇಲೆ ಬೆಣೆಯನ್ನು ಮೆಲ್ಲಗೆ ತಟ್ಟಿ ಸಡಿಲಿಸಿದರೆ ಇಡೀ ಮರ ಒಂದಿಂಚು ಕೆಳಗಿಳಿಯುತ್ತದೆ, ಎಳೆದರೆ ಆಚೆ ಬರುತ್ತದೆ. ಬೆಣೆಯಿಲ್ಲದಿದ್ದರೆ ಮರವನ್ನು ಕಮಾನಿನ ಹೊಟ್ಟೆಯೊಳಗೇ ಕುಯ್ಯಬೇಕು. "ಇದನ್ನ ಆಮೇಲೆ ತೆಗೆಯೋದು ಹೆಂಗೆ? ನಿಮ್ಮ ತಲೆ ಒಳಗೆ ಏನಿದೆ? ಮತ್ತೆ ಇದೇನು, ಹಲಗೆ ಮೇಲೆಲ್ಲ ಗೀಚಿದ್ದೀರಾ? ಗಾರೆ ಕೂರೋ ಕಡೆ ಯಾರಾದ್ರೂ ಬರೀತಾರಾ? ಬರೆದಿದ್ದೆಲ್ಲ ಗಾರೆಗೆ ಅಂಟ್ಕೊಳ್ಳತ್ತೆ. ನಮ್ಮಪ್ಪ ಆಗಿದ್ರೆ ಕರಣೇಲಿ ಬೆರಳ ಮೇಲೆ ಹೊಡೀತಿದ್ರು."

ಪೆನ್ಸಿಲಿನಲ್ಲಿ ಏನೇನೋ ಬರೆದಿದ್ದರು. ಯಾವ ಕಡೆ ಬರೆದಿದ್ದಾರೆ ಅನ್ನುವುದೊಂದನ್ನೇ ನಾನು ನೋಡಿದ್ದು. ಏನು ಬರೆದಿದ್ದಾರೆ ಅಂತ ಓದಲಿಲ್ಲ.

"ಆಯ್ತು ಮಾರಾಯ್ತಿ, ಮುಂದಿನ ಶನಿವಾರ ಬೆಣೆ ಹಾಕ್ತೀನಿ, ಬರೆದಿದ್ದನ್ನೂ ಉಜ್ಜಿ ತೆಗೀತೀನಿ. ಊಟ ಹಾಕ್ತೀಯಾ ಇಲ್ವಾ?" ಅಂದರು. ಬೈದರೆ ಅವರಿಗೆ ಹಸಿವಾಗುತ್ತಿತ್ತು.

ಆ ಮುಂದಿನ ಶನಿವಾರ ಬರಲಿಲ್ಲ. ಬುಧವಾರ ಡಬ್ಲಿನ್ ಆಫೀಸಿನಲ್ಲಿ ಮೀಟಿಂಗಿನ ನಡುವೆ ಎದೆ ಹಿಡಿದುಕೊಂಡು ಕೂತರಂತೆ. ಆಂಬುಲೆನ್ಸ್ ಬಂತಂತೆ. ನನಗೆ ಫೋನು ಬಂದಾಗ ಕೈಯಲ್ಲಿ ಒಂದು ಕಾಂಕ್ರೀಟು ತುಂಡು ಇತ್ತು. ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ನಂಬರು ಬರೆದು, ಆಮೇಲೆ ಕೋಟು ಹಾಕಿಕೊಂಡೆ.

ಜನ ಬಂದರು. ಬಂದವರೆಲ್ಲ ಕೈಹಿಡಿದು, ಇಲ್ಲಿನ ವಾಡಿಕೆಯಂತೆ, ನಿನ್ನ ಕಷ್ಟಕ್ಕೆ ಬೇಜಾರಾಯಿತು ಅನ್ನುವ ಒಂದೇ ಮಾತು ಹೇಳಿದರು. ಪಕ್ಕದ ಮನೆಯಾಕೆ ಟ್ರೇ ತುಂಬ ಸ್ಯಾಂಡ್‌ವಿಚ್ ತಂದಿಟ್ಟರು. ಕನ್ನಡದವರು ಬಂದು ಅಡುಗೆಮನೆ ಹಿಡಿದು ಮೂರು ದಿನ ಅನ್ನ ಸಾರು ಮಾಡಿದರು. ನಾನು ಅಳಲಿಲ್ಲ. ಅತ್ತರೆ ಚೆನ್ನಾಗಿರುತ್ತದೆ ಅಂತ ಗೊತ್ತಿತ್ತು, ಅಳು ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ನಮ್ಮದೇ ಅಂತ ಅನ್ನಿಸುವುದಿಲ್ಲ, ಹಾಗೆ ಇತ್ತು ಇಡೀ ಮೈ.

ಮಗಳೂ ಅಳಲಿಲ್ಲ. ಊಟ ಮಾಡಿದೆಯಾ ಅಂದರೆ "ಗ್ರ್ಯಾಂಡ್". ಸ್ಕೂಲು ಹೇಗಿತ್ತು ಅಂದರೆ "ಗ್ರ್ಯಾಂಡ್". ಈ ದೇಶದಲ್ಲಿ ಕಾಲು ಮುರಿದರೂ, ಮನೆ ಸುಟ್ಟರೂ, ಎಲ್ಲ ಚೆನ್ನಾಗಿದೆ ಅನ್ನಲು ಜನ ಹೇಳುವುದು ಇದನ್ನೇ. ಕಾರ್ಕಿನ ರಾಗದಲ್ಲಿ ಅದನ್ನು ಹೇಳಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವಳು ಕೇಳಿದರೆ ನಾನೂ "ಗ್ರ್ಯಾಂಡ್" ಅನ್ನುತ್ತಿದ್ದೆ. ಅಪ್ಪನ ಜೊತೆ ಅರ್ಧಂಬರ್ಧವಾದರೂ ಕನ್ನಡ ಆಡುತ್ತಿದ್ದವಳು ಈಗ ಅದನ್ನೂ ಬಿಟ್ಟಳು.

ಅಕ್ಟೋಬರ್ ಕೊನೆಯಲ್ಲಿ ಸ್ಕೂಲಿಗೆ ಒಂದು ವಾರ ರಜೆ. ಕಮಾನು ಕಟ್ಟೋಣ ಅಂತ ಅವಳೇ ಬಂದು ಹೇಳಿದಳು. ನಾನು ಸರಿ ಅಂದೆ. ಚಳಿಗಾಲದ ಬಾಗಿಲಲ್ಲಿ ಸುಣ್ಣದ ಕೆಲಸ ಮಾಡಬಾರದು. ನನ್ನ ಸಹೋದ್ಯೋಗಿಯೂ ವಸಂತದ ತನಕ ಬಿಡು ಅಂದ. ಅವನಿಗೂ ಗ್ರ್ಯಾಂಡ್ ಅಂದೆ. ನನಗೆ ಏನಾದರೂ ಒಂದು ಮಾಡುತ್ತಿರಬೇಕಿತ್ತು.

ಸೆಂಟ್ರಿಂಗನ್ನು ಶೆಡ್ಡಿನಿಂದ ಎತ್ತಿ ತಂದೆವು. ಎರಡು ಕಡೆ ಮೋಟು ಗೋಡೆ ಕಟ್ಟಿದ್ದಾಗಿತ್ತು, ನಡುವೆ ಇಟ್ಟೆವು. ಬೆಣೆ ಕೂರಿಸಲು ಕಾಲುಗಳನ್ನು ಒಂದೊಂದಿಂಚು ಕತ್ತರಿಸಬೇಕಾಗಿತ್ತು. ನಾನು ಗರಗಸ ತಂದದ್ದೇ ತಡ, ಅಡ್ಡ ಬಂದು ನಿಂತಳು. ಅಪ್ಪ ಮಾಡಿದ್ದನ್ನು ಮುಟ್ಟಬೇಡ ಅಂದಳು, ಇಂಗ್ಲಿಷಿನಲ್ಲಿ, ದನಿ ಏರಿಸದೆ. ಬೇರೆ ದಿನವಾಗಿದ್ದರೆ ನಾನು ಕೂಗಾಡುತ್ತಿದ್ದೆ. ಆ ದಿನ ಕೂಗಾಡುವುದಕ್ಕೂ ಒಳಗೆ ಏನೂ ಇರಲಿಲ್ಲ. ಕಾಲುಗಳು ಮಣ್ಣಿಗೆ ಇಳಿಯದಿರಲಿ ಅಂತ ಒಂದೊಂದರಡಿಗೂ ಒಂದೊಂದು ಹಂಚಿನ ಚೂರು ತೂರಿಸಿ ಸುಮ್ಮನಾದೆ. ಹಲಗೆಯ ಮೇಲೆ ಬರೆದಿದ್ದನ್ನು ಉಜ್ಜಿ ತೆಗೆದು, ಎಣ್ಣೆ ಹಚ್ಚು ಅಂತ ಹೇಳಿ ಸುಣ್ಣ ಕಲಸಲು ಹೋದೆ.

"ಆಯ್ತಾ?" ಅಂತ ಅಲ್ಲಿಂದಲೇ ಕೇಳಿದೆ.

"ಗ್ರ್ಯಾಂಡ್," ಅಂದಳು.

ಹೋಗಿ ನೋಡಲಿಲ್ಲ.

ಯಾರೋ ಮನೆ ಒಡೆದು ಎಸೆದಿದ್ದ ಹಳೇ ಕೆಂಪು ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು ಸುರ್ಕಿ ಮಾಡಿದ್ದೆ. ಏಷ್ಯನ್ ಅಂಗಡಿಯ ಬೆಲ್ಲ ನೆನೆಸಿದ್ದೆ. ಎರಡು ದಿನ ಇಬ್ಬರೂ ಪದರ ಪದರವಾಗಿ ಕೂರಿಸಿದೆವು, ಎರಡು ಬದಿಯಿಂದಲೂ ಸಮನಾಗಿ ಮೇಲೇರಿಸುತ್ತ. ಒಂದು ಕಡೆ ಭಾರ ಜಾಸ್ತಿಯಾದರೆ ಮರ ವಾಲುತ್ತದೆ. ಕಲ್ಲಿನ ಚೂರು ಕೇಳಿದರೆ ಕೊಡುತ್ತಿದ್ದಳು, ನೀರು ಕೇಳಿದರೆ ಕೊಡುತ್ತಿದ್ದಳು. ನೆತ್ತಿ ಮುಚ್ಚಿದಾಗ ಆರಿಂಚು ದಪ್ಪದ, ನಸುಗೆಂಪು ಬಣ್ಣದ ಕಮಾನು. ಚೆನ್ನಾಗಿದೆ ಅಂತ ನನಗೆ ಗೊತ್ತಾಯಿತು. ಅನ್ನಿಸಲಿಲ್ಲ.

ಮರುದಿನದಿಂದ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ನಮ್ಮ ಕಡೆ ತಾರಸಿ ಹಾಕಿದ ಮರುದಿನದಿಂದ ನೀರು ಹಾಕುತ್ತಾರೆ. ಬೆಳಗ್ಗೆ ಎದ್ದ ತಕ್ಷಣ ಕಾಫಿಗೂ ಮುಂಚೆ ನೀರು, ಸಂಜೆ ಮತ್ತೆ ನೀರು. ಹೊಸ ಮನೆ ಕಟ್ಟಿಸುವವರು ಮಕ್ಕಳನ್ನು ನೋಡಿಕೊಳ್ಳುತ್ತಾರೋ ಇಲ್ಲವೋ, ತಾರಸಿಗೆ ನೀರು ಹಾಕುವುದನ್ನು ಮರೆಯುವುದಿಲ್ಲ. ಸ್ಕೂಲಿನಿಂದ ಬಂದು ಅಪ್ಪನ ಕೆಲಸಗಳಿಗೆ ನೀರು ಹಾಕುವುದು ನನ್ನ ಪಾಲಿನದಾಗಿತ್ತು. ಆ ಕೈ ಹಾಗೇ ಓಡಿತು. ಗೋಣಿತಾಟು ಹೊದೆಸಿ, ಬೆಳಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್, ಹನಿ ಹನಿಯಾಗಿ ಸುರಿದೆ. ದಿನವಿಡೀ ಡಿಗ್ರಿ ಲೆಕ್ಕದಲ್ಲಿ ಬೆಚ್ಚಗಿನ ತೊಟ್ಟಿ ನೋಡಿಕೊಳ್ಳುವ ನನಗೆ, ಮನೆಗೆ ಬಂದಮೇಲೆ ಇದು ಐರ್ಲೆಂಡು, ಇದು ನವೆಂಬರು ಅನ್ನುವುದು ತಲೆಗೇ ಹೊಳೆಯಲಿಲ್ಲ. ನಾಲ್ಕನೇ ಬೆಳಗ್ಗೆ ಹುಲ್ಲೆಲ್ಲ ಬೆಳ್ಳಗೆ ಮಂಜುಗಟ್ಟಿತ್ತು. ಗೋಣಿತಾಟು ಹಪ್ಪಳದ ಹಾಗೆ ಸೆಟೆದುಕೊಂಡಿತ್ತು. ಎತ್ತಿದೆ. ಕಮಾನಿನ ಮೇಲ್ಮೈ ಅದರ ಜೊತೆಗೇ ಎದ್ದು ಬಂತು.

ಗಾರೆಯೊಳಗಿನ ನೀರು ಹೆಪ್ಪುಗಟ್ಟಿ, ಉಬ್ಬಿ, ಒಂದೂವರೆ ಇಂಚಿನಷ್ಟು ಪುಡಿಪುಡಿ ಮಾಡಿತ್ತು. ನಾನು ಆ ಪುಡಿಯನ್ನು ಬೆರಳಲ್ಲಿ ತಿಕ್ಕುತ್ತ ನಿಂತಿದ್ದೆ. ಮಗಳು ಸ್ಕೂಲಿನ ಯೂನಿಫಾರ್ಮಿನಲ್ಲಿ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಅಮ್ಮಾ, ಏನ್ ಮಾಡ್ದೆ ನೀನು? ಅಪ್ಪಂದು ಹಾಳ್ ಮಾಡ್ಬಿಟ್ಟೆ!" ಅಂತ ಕಿರುಚಿದಳು.

ಒಂದು ತಿಂಗಳ ಮೇಲೆ ಅವಳ ಬಾಯಿಂದ ಕನ್ನಡ ಕೇಳಿದ್ದು ಅದೇ. ಅವಳನ್ನು ಹಿಡಿದುಕೊಳ್ಳಬೇಕಿತ್ತು. ನಾನು, "ಮೇಲಿಂದು ಮಾತ್ರ ಹೋಗಿದೆ. ಒಳಗೆ ಗಟ್ಟಿ ಇದ್ರೂ ಇರಬಹುದು," ಅಂದೆ. ಲ್ಯಾಬಿನಲ್ಲಿ ರಿಪೋರ್ಟು ಕೊಡುವ ದನಿ ಅದು. ಅವಳು ಬ್ಯಾಗು ಹಾಕಿಕೊಂಡು ಹೊರಟುಹೋದಳು.

ಉದುರಿದ್ದನ್ನು ಕೆರೆದು ತೆಗೆದೆ. ಒಳಗಿನದು ಉಗುರಿಗೆ ಬಗ್ಗಲಿಲ್ಲ. ಒಣ ಕಂಬಳಿ, ಅದರ ಮೇಲೆ ಪ್ಲಾಸ್ಟಿಕ್ ಹೊದೆಸಿದೆ. ಬಿಸಿಲಿದ್ದ ಒಂದು ವಾರ ನೋಡಿಕೊಂಡು ಮೇಲೆ ಹೊಸ ಪದರ ಕೂರಿಸಿದೆ. ಒಬ್ಬಳೇ.

ಕ್ರಿಸ್‌ಮಸ್ಸಿಗೆ ಮಗಳು ಡನ್ ಲಿಯರಿಗೆ ಹೋದವಳು ಜನವರಿ ಮೊದಲ ವಾರದ ತನಕ ಬರಲಿಲ್ಲ. ತಂಗಿ ಫೋನು ಮಾಡಿದಳು. "ಅಕ್ಕ, ಇಲ್ಲಿ ಭಾವ ಮಲಗ್ತಿದ್ದ ರೂಮಲ್ಲೇ ಮಲಗ್ತಾಳೆ. ದಿನಾ ಹಾರ್ಬರ್ ಕಟ್ಟೆ ಮೇಲೆ ವಾಕ್ ಹೋಗ್ತೀವಿ, ಭಾವನ ವಿಷಯ ಮಾತಾಡ್ತೀವಿ. ಅಳ್ತಾಳೆ, ಆಮೇಲೆ ಊಟ ಮಾಡ್ತಾಳೆ. ಇಲ್ಲೇ ಸ್ಕೂಲಿಗೆ ಸೇರ್ಕೋತೀನಿ ಅಂತಿದಾಳೆ. ಒಂದು ಸೀಟ್ ಇದೆ. ಫೆಬ್ರವರಿ ರಜೆ ಮುಗಿಯೋದರೊಳಗೆ ಹೇಳ್ಬೇಕು. ನೀನು ಏನಂತೀಯಾ?"

ಏನನ್ನಲಿ? ಅವಳು ಹೋದರೆ ಈ ಮನೆಯಲ್ಲಿ ನಾನೊಬ್ಬಳೇ. ಬೇಡ ಅನ್ನಬೇಕು ಅಂತ ಬಾಯಿ ತೆರೆದೆ. ಇಲ್ಲಿ ಅವಳಿಗೆ ನಾನು ಕೊಡುತ್ತಿರುವುದಾದರೂ ಏನು? "ಅವಳಿಷ್ಟ," ಅಂದೆ. ತಂಗಿ ಫೋನಿಟ್ಟಳು.

ಫೆಬ್ರವರಿ ರಜೆ ಬಂತು. ಮೇಷ್ಟರಿಗೆ ಕಮಾನಿನ ಫೋಟೊ ಕೊಡಬೇಕಾಗಿತ್ತು. ಮರದ ಸಮೇತವೇ ತೆಗೆದು ಕೊಡುತ್ತೇನೆ ಅಂದಳು ಮಗಳು. ನಾನು ಬಗ್ಗಿ ನೋಡಿದೆ. ಚಳಿಗಾಲದ ಮಳೆ ಕುಡಿದು ಮರ ಊದಿಕೊಂಡಿತ್ತು. ಹಲಗೆಗಳು ಒಂದನ್ನೊಂದು ದಬ್ಬುತ್ತಿದ್ದವು. ಇನ್ನೊಂದು ತಿಂಗಳು ಬಿಟ್ಟರೆ ಒಳಗಿನಿಂದಲೇ ಕಮಾನು ಸೀಳುತ್ತದೆ. ಅಂದು ಗುರುವಾರ. ಶುಕ್ರವಾರ ಸಂಜೆಯೊಳಗೆ ತಂಗಿಗೆ ಸ್ಕೂಲಿನ ವಿಷಯ ಹೇಳಬೇಕಾಗಿತ್ತು.

"ಸೆಂಟ್ರಿಂಗ್ ತೆಗೀದೆ ಇದ್ರೆ ಅದು ಕಮಾನಲ್ಲ ಕಣೇ," ಅಂದೆ. "ಮರದ ಮೇಲೆ ಕೂತಿರೋ ಕಸ. ಕುಯ್ದು ತೆಗೀತೀನಿ."

ಅವಳು ಗರಗಸದ ಕಡೆ ನೋಡಿದಳು. "ನೀನು ಅದನ್ನ ಕುಯ್ದ್ರೆ ನಾನು ಚಿಕ್ಕಮ್ಮನ ಮನೆಗೆ ಹೋಗ್ತೀನಿ. ಐಯಾಮ್ ನಾಟ್ ಕಮಿಂಗ್ ಬ್ಯಾಕ್, ಅಮ್ಮ." ಜೋರಾಗಿ ಹೇಳಲಿಲ್ಲ. ಅವಳ ಬ್ಯಾಗು ಆಗಲೇ ಬಾಗಿಲ ಹತ್ತಿರ ಇತ್ತು.

"ಹಂಗಾದ್ರೆ ಏನ್ ಮಾಡು ಅಂತೀಯಾ? ನಿಮ್ಮಪ್ಪ ಬೆಣೆ ಇಟ್ಟಿಲ್ಲ! ಹೇಳಿದ್ದೆ ಅವರಿಗೆ, ಸಾವಿರ ಸಲ ಹೇಳಿದ್ದೆ..." ಒಂದೇ ಸಲ ಹೇಳಿದ್ದು. ಕೋಪವೋ ಏನೋ, ಆದರೆ ನಾಲ್ಕು ತಿಂಗಳ ಮೇಲೆ ಒಳಗೆ ಏನೋ ಅಲುಗಿತು ಅಂತ ಗೊತ್ತಾಯಿತು.

ಮಗಳು ಕೆಸರಿನಲ್ಲಿ ಮಂಡಿಯೂರಿ ಕೂತು ಕಾಲುಗಳ ಬುಡ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, "ಮರ ಕಟ್ ಮಾಡೋದ್ಯಾಕೆ? ಕೆಳಗಿರೋ ಮಣ್ಣು ತೆಗೆದ್ರೆ ಆಗಲ್ವಾ?" ಅಂದಳು.

ಇಪ್ಪತ್ತು ವರ್ಷದಿಂದ ಕಾಂಕ್ರೀಟಿನಲ್ಲಿದ್ದೇನೆ. ಮೇಸ್ತ್ರಿಯ ಮಗಳು. ಅಯ್ಯೋ ನನ್ನ ಬುದ್ಧಿಗಿಷ್ಟು! ನಮ್ಮನೆಯವರು ಕೆಳಗೆ ಏನೂ ಇಡದೆ ಕಾಲುಗಳನ್ನು ಬರೀ ಮಣ್ಣಿನ ಮೇಲೆ ನಿಲ್ಲಿಸಲು ಹೊರಟಿದ್ದರು. ಹಂಚಿನ ಚೂರು ಬಿಟ್ಟರೆ ಈಗಲೂ ಅಲ್ಲಿರುವುದು ಮಣ್ಣೇ.

ಅಡುಗೆಮನೆಯಿಂದ ಎರಡು ಸ್ಟೀಲ್ ಸೌಟು ತಂದೆ. ಅವಳು ಎಡಗಡೆ, ನಾನು ಬಲಗಡೆ. ಒಂದು ಕಾಲಿನ ಅಡಿಯಿಂದ ಒಂದು ಸೌಟು ಮಣ್ಣು, ಆಮೇಲೆ ಅದರ ಎದುರಿನ ಕಾಲಿನಡಿ ಒಂದು ಸೌಟು. ಒಟ್ಟಿಗೆ ಇಳಿಯಬೇಕು, ಒಂದು ಕಡೆ ವಾಲಬಾರದು. "ನಿಂದು," ಅಂದೆ. "ನಿಂದು," ಅಂದಳು. ಕೈ ಮರಗಟ್ಟಿತು. ಅರ್ಧ ಗಂಟೆಯಾದ ಮೇಲೆ ಮರ ಒಮ್ಮೆ ಕಿರ್ ಅಂತು. ನಾವಿಬ್ಬರೂ ಹಿಂದೆ ಸರಿದೆವು. ಹಲಗೆಗೂ ಗಾರೆಗೂ ನಡುವೆ ಒಂದು ಕಪ್ಪು ಗೆರೆ ಕಾಣಿಸಿತು. ಅದು ಬೆರಳಿನಷ್ಟು ಅಗಲವಾಯಿತು. ಕಮಾನು ಮಾತ್ರ ಇದ್ದಲ್ಲೇ ಇತ್ತು.

ಇಬ್ಬರೂ ಸೇರಿ ಸೆಂಟ್ರಿಂಗನ್ನು ಎಳೆದೆವು. ಒಂದು ಮೊಳೆಯೂ ಕಳಚದೆ ಇಡಿಯಾಗಿ ಆಚೆ ಬಂತು. ಹಲಗೆಗಳ ಮೇಲೆ ಸುಣ್ಣ ಮೆತ್ತಿಕೊಂಡು ಬೆಳ್ಳಗಾಗಿತ್ತು. ಮಗಳು ಅದನ್ನು ಗೋಡೆಗೆ ಒರಗಿಸಿ, ಹಿಂತಿರುಗಿ ಬಂದು ಕಮಾನಿನ ಕೆಳಗೆ ಅಂಗಾತ ನುಸುಳಿದಳು. ಮಂಡಿಯಿಂದ ಕೆಳಗಿನ ಎರಡು ಕಾಲು ಮಾತ್ರ ಆಚೆ ಕಾಣುತ್ತಿದ್ದವು. ಅವು ಅಲುಗಲಿಲ್ಲ.

"ಏನಾಯ್ತೇ? ಬಿರುಕು ಬಿಟ್ಟಿದೆಯಾ?"

"ಅಮ್ಮ, ಬಾ."

ನಾನೂ ನುಸುಳಿದೆ. ಇಬ್ಬರು ಮಲಗುವಷ್ಟು ಜಾಗವಿಲ್ಲ, ಅವಳ ಭುಜ ನನ್ನ ಭುಜಕ್ಕೆ ಒತ್ತಿತು. ಮುಖದಿಂದ ಒಂದು ಮೊಳ ಮೇಲೆ ನಸುಗೆಂಪು ಗಾರೆ. ಒಂದೊಂದು ಹಲಗೆಯ ಗೆರೆ, ಮರದ ಗಂಟು, ಸೊಟ್ಟಗೆ ಹೊಡೆದ ಮೊಳೆಯ ಗುರುತು, ಎಲ್ಲ ಅಚ್ಚು ಬಿದ್ದಿತ್ತು. ಅದರ ಮೇಲೆಲ್ಲ ಬೂದು ಬಣ್ಣದ ಅಕ್ಷರ. ಕನ್ನಡ. ತಿರುಗುಮುರುಗು, ಕನ್ನಡಿಯಲ್ಲಿ ಕಂಡ ಹಾಗೆ.

"ನೀನು ಉಜ್ಜಿಲ್ವಾ?" ಅಂದೆ.

"ಇಲ್ಲ. ಸುಳ್ಳು ಹೇಳ್ದೆ." ಕನ್ನಡದಲ್ಲೇ ಹೇಳಿದಳು. "ಅದು ಅಪ್ಪನ ಹ್ಯಾಂಡ್‌ರೈಟಿಂಗ್. ನಂಗೆ ಓದಕ್ಕೆ ಬರಲ್ಲ."

"ನನ್ನ ಕೇಳಬಹುದಿತ್ತಲ್ಲೇ."

"ಏನ್ ಕೇಳಿದ್ರೂ ನೀನು ಗ್ರ್ಯಾಂಡ್ ಅಂತಿದ್ದೆ."

ಅವಳು ಮಲಗಿದಲ್ಲೇ ಫೋನು ಎತ್ತಿ ಫೋಟೊ ತೆಗೆದು, ಬಲವನ್ನು ಎಡಕ್ಕೆ ತಿರುಗಿಸಿ ನನ್ನ ಮುಖದ ಮುಂದೆ ಹಿಡಿದಳು. "ಓದು," ಅಂದಳು.

ಕನ್ನಡಕ ಒಳಗಿತ್ತು. ಕಣ್ಣು ಕಿರಿದು ಮಾಡಿಕೊಂಡು ಓದಿದೆ. ಮೊದಲು ಹಲಗೆಗಳ ನಂಬರು: ಎಡ ಒಂದು. ಎಡ ಎರಡು. ಬಲ ಒಂದು. ಆಮೇಲೆ, "ಹಲಗೆ ಮಧ್ಯೆ ಗ್ಯಾಪ್ ಎಷ್ಟು ಬಿಡ್ಬೇಕು? ಅವಳನ್ನ ಕೇಳು."

"ಯಾರನ್ನ?" ಅಂದಳು ಮಗಳು.

"ನನ್ನ."

ಮುಂದಿನ ಹಲಗೆ. "ಕಾಲಿನ ಕೆಳಗೆ ಏನಾದ್ರೂ ಇಡ್ಬೇಕಾ? ಅವಳನ್ನ ಕೇಳು." ಅದರ ಪಕ್ಕದ್ದು. "ಇದನ್ನ ಆಮೇಲೆ ಹೊರಗೆ ತೆಗೆಯೋದು ಹೆಂಗೆ? ಅವಳನ್ನ ಕೇಳು." ಅದರ ಕೆಳಗೆ ಸಣ್ಣಕ್ಷರದಲ್ಲಿ, "ಮೂಡ್ ನೋಡ್ಕೊಂಡು ಕೇಳು."

ಗೊತ್ತಿತ್ತು ಅವರಿಗೆ. ಏನು ಗೊತ್ತಿಲ್ಲ ಅನ್ನುವುದು ಒಂದೊಂದೂ ಗೊತ್ತಿತ್ತು. ಕೇಳಬೇಕು ಅಂತಲೇ ಕರೆದಿದ್ದರು ಆ ಶನಿವಾರ. ನಾನು ಬಾಯಿ ಬಿಡಲು ಕೊಡಲಿಲ್ಲ.

ಅಳು ಬಂತು. ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಎದ್ದು ಕೂರಲು ಹೋಗಿ ಹಣೆ ಕಮಾನಿಗೆ ಬಡಿಯಿತು, ಮತ್ತೆ ಅಲ್ಲೇ ಬಿದ್ದುಕೊಂಡು ಅತ್ತೆ. ಮಗಳು ಫೋನು ಎದೆಯ ಮೇಲಿಟ್ಟುಕೊಂಡು ನನ್ನ ತೋಳು ಹಿಡಿದಳು. ಅವಳ ಕೈ ತುಂಬ ಮಣ್ಣು.

ಆಮೇಲೆ ನಾನು ಉತ್ತರ ಹೇಳತೊಡಗಿದೆ. ನೆಟ್ಟಗೆ ಗಾರೆಯ ಕಡೆಗೇ ನೋಡಿಕೊಂಡು, ಮೂಗು ಸುರಿಸಿಕೊಂಡು. "ಕಾಲಿಂಚು ಗ್ಯಾಪ್ ಸಾಕು ಕಣ್ರೀ, ಮರ ಊದ್ಕೊಳ್ಳತ್ತೆ... ಕಾಲಿನ ಕೆಳಗೆ ಬೆಣೆ ಇಡಿ, ಜೋಡಿ ಬೆಣೆ. ಇಡದೇ ಇದ್ರೂ ಪರವಾಗಿಲ್ಲ, ನಿಮ್ಮ ಮಗಳು ಮಣ್ಣು ತೆಗೆದು ಇಳಿಸ್ತಾಳೆ..."

"ಬೆಣೆ ಅಂದ್ರೇನು?" ಅಂತ ನಡುವೆ ಕೇಳಿದಳು. ಹೇಳಿದೆ. ಕೈಯಲ್ಲಿ ತೋರಿಸಲು ಜಾಗವಿರಲಿಲ್ಲ, ಅವಳ ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸಿದೆ.

ಅಡುಗೆಮನೆಯಲ್ಲಿ ನನ್ನ ಫೋನು ಹೊಡೆದುಕೊಳ್ಳುತ್ತಿತ್ತು. ತಂಗಿಯೇ ಇರಬೇಕು.

"ಚಿಕ್ಕಮ್ಮ," ಅಂದೆ. "ಸ್ಕೂಲಿನ ವಿಷಯ ಹೇಳ್ಬೇಕಲ್ಲ." ಆ ಸಲ ಅವಳಿಷ್ಟ ಅನ್ನಲಿಲ್ಲ. "ಹೋಗ್ಬೇಡ ಕಣೇ," ಅಂದೆ. "ನಂಗೆ ಒಬ್ಬಳಿಗೇ ಆಗಲ್ಲ."

ಫೋನು ಹೊಡೆದು ಹೊಡೆದು ನಿಂತಿತು. ಅವಳು ಎದ್ದು ಹೋಗಲಿಲ್ಲ. ತನ್ನ ಫೋನಿನಲ್ಲಿ ನೆತ್ತಿಯ ಹತ್ತಿರದ ಕೊನೆಯ ಹಲಗೆಯ ಗುರುತನ್ನು ತಿರುಗಿಸಿ ಮತ್ತೆ ನನ್ನ ಮುಂದೆ ಹಿಡಿದಳು. "ಇನ್ನೊಂದಿದೆ. ಇದೇನು?"

"ಇದೆಲ್ಲ ಆದ್ಮೇಲೆ ಏನ್ ಮಾಡ್ಬೇಕು? ಅವಳನ್ನ ಕೇಳು," ಅಂತ ಓದಿದೆ.

ಎಷ್ಟು ಹೊತ್ತು ಹಾಗೇ ಮಲಗಿದ್ದೆವೋ. ಬೆನ್ನಿನಡಿಯ ಕೆಸರು ಬಟ್ಟೆ ದಾಟಿ ಮೈಗೆ ತಾಗಿ ಥಂಡಿ ಹತ್ತಿತ್ತು. ಬಹಳ ದಿನದ ಮೇಲೆ ನನಗೆ ಚಳಿ ಗೊತ್ತಾಗುತ್ತಿತ್ತು.

"ಗೊತ್ತಿಲ್ಲ ಕಣ್ರೀ," ಅಂದೆ.

"ನೀರು ಮಾತ್ರ ಹಾಕ್ಬೇಡ," ಅಂದಳು ಮಗಳು.